‘ಎರಡು ಮೂರು ಆ್ಯಂಟಿ-ಸ್ಪೈವೇರ್ ಹಾಕಿ’ ಎಂಬ ಸಲಹೆಯನ್ನು ದಯವಿಟ್ಟು ತಿದ್ದಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಕಂಪ್ಯೂಟರ್ ಅಂಕಣದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಬ್ರೌಸರ್ ತೆರೆದರೆ ತಾನು ಇಟ್ಟ ಪುಟ ಬರುವುದಿಲ್ಲ, ಬೇರೆ ಯಾವುದೋ ಬರುತ್ತದೆ, ಏನು ಮಾಡಲಿ ಅಂತ. ಕೊಟ್ಟ ಉತ್ತರದಲ್ಲಿ ಎರಡು ಮಾತಿದ್ದವು. ಕದ್ದು ಒಳಗೆ ನುಸುಳುವ ಪ್ರೋಗ್ರಾಮ್‌ಗಳನ್ನು (ಸ್ಪೈವೇರ್) ತೆಗೆಯಲು ಒಂದೇ ಆ್ಯಂಟಿ-ಸ್ಪೈವೇರ್ ಸಾಲದು, ಎರಡು ಮೂರು ಹಾಕಿಕೊಳ್ಳಿ ಅನ್ನುವುದು ಮೊದಲನೆಯದು. ಹೇಗಿದ್ದರೂ ವಿಂಡೋಸ್‌ನಲ್ಲೇ ಸಿಸ್ಟಮ್ ರಿಸ್ಟೋರ್ ಇದೆ, ಹೆಚ್ಚುಕಮ್ಮಿ ಆದರೆ ಹಿಂದಕ್ಕೆ ಹೋಗಬಹುದು ಅನ್ನುವುದು ಎರಡನೆಯದು. ಓದಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ. ಇದೇ ಎರಡು ಮಾತು ನಂಬಿ ನಾನು ನನ್ನ ಅಮ್ಮನ ದಿನಚರಿಯ 61 ಪುಟ ಕಳೆದುಕೊಂಡಿದ್ದೇನೆ.

ನಾನು ನಿವೃತ್ತ ಶಾಲಾ ಶಿಕ್ಷಕಿ. ಅಮ್ಮ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ 14 ನೋಟ್‌ಪುಸ್ತಕ ಸಿಕ್ಕವು. ಎಲ್ಲವೂ ಪೆನ್ಸಿಲ್ಲಿನಲ್ಲಿ ಬರೆದದ್ದು. ವರ್ಷದಿಂದ ವರ್ಷಕ್ಕೆ ಅಕ್ಷರ ಮಾಸುತ್ತಿದೆ. ಪೂರ್ತಿ ಅಳಿಸಿ ಹೋಗುವ ಮೊದಲು ಟೈಪ್ ಮಾಡಿ ಇಡಬೇಕು ಅಂತ ಶುರು ಮಾಡಿದೆ. ದಿನಕ್ಕೆ ಮೂರು ಪುಟ. ಪ್ರತಿ ನೋಟ್‌ಪುಸ್ತಕಕ್ಕೆ ಒಂದು ವರ್ಡ್ ಫೈಲ್. ಪುಟದ ತಲೆಯಲ್ಲಿ ತಾರೀಕು ಒಂದೇ ಕ್ರಮದಲ್ಲಿ ಬರಲಿ ಅಂತ ಅಣ್ಣನ ಮಗಳು ಅದರಲ್ಲಿ ಒಂದು ಪುಟ್ಟ ಮ್ಯಾಕ್ರೋ, ಅಂದರೆ ಫೈಲಿನೊಳಗೇ ಕೂತು ತಾನಾಗಿ ಕೆಲಸ ಮಾಡುವ ಆದೇಶಗಳ ಸಾಲು, ಬರೆದುಕೊಟ್ಟಿದ್ದಳು. ಈ ಮ್ಯಾಕ್ರೋ ವಿಷಯ ನೆನಪಿರಲಿ, ಮುಂದೆ ಬರುತ್ತದೆ.

ತೊಂದರೆ ಶುರುವಾದದ್ದು ಒಂದು ಉಚಿತ ಪಿಡಿಎಫ್ ಪ್ರೋಗ್ರಾಮ್‌ನಿಂದ. ಇನ್‌ಸ್ಟಾಲ್ ಆಗುವಾಗ ಕೇಳಿದ ಕಡೆಯೆಲ್ಲ ‘ನೆಕ್ಸ್ಟ್’ ಒತ್ತಿದೆ. ಅದರ ಜೊತೆಗೆ ಬ್ರೌಸರ್‌ಗೆ ಒಂದು ಟೂಲ್‌ಬಾರ್ ಬಂದು ಕೂತಿತು. ಮುಖಪುಟ ಬದಲಾಯಿತು, ಹುಡುಕಿದ್ದೆಲ್ಲ ಬೇರೆ ಕಡೆ ಹೋಗತೊಡಗಿತು. ಗಾಬರಿಯಾಯಿತು. ಗೊತ್ತಿದ್ದವರೊಬ್ಬರನ್ನು ಕೇಳಿದರೆ ನಿಮ್ಮ ಅಂಕಣದಲ್ಲಿ ಬಂದದ್ದನ್ನೇ ಹೇಳಿದರು. ಒಂದೇ ಮಧ್ಯಾಹ್ನ ಮೂರು ಪ್ರೋಗ್ರಾಮ್ ಹಾಕಿಕೊಂಡೆ. ಒಂದು ಪೂರ್ತಿ ಆ್ಯಂಟಿವೈರಸ್, ಇನ್ನೆರಡು ಆ್ಯಂಟಿ-ಸ್ಪೈವೇರ್. ಹೆಸರು ಬರೆಯುವುದಿಲ್ಲ. ಪ್ರತಿಯೊಂದೂ ಒಂಟಿಯಾಗಿ ಇದ್ದಿದ್ದರೆ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತೇನೋ. ಮೂರರಲ್ಲೂ ‘ರಿಯಲ್ ಟೈಮ್’ ರಕ್ಷಣೆ ಆನ್ ಆಗಿತ್ತು. ಅದು ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ.

ಟೂಲ್‌ಬಾರ್ ಹೋಯಿತು. ಅದನ್ನು ತೆಗೆದದ್ದು ಎರಡನೆಯ ಪ್ರೋಗ್ರಾಮ್, ಮೊದಲ ಸ್ಕ್ಯಾನ್‌ನಲ್ಲೇ. ಅಲ್ಲಿಗೇ ನಿಲ್ಲಿಸಬೇಕಿತ್ತು.

ಮಾರನೇ ದಿನದಿಂದ ಕಂಪ್ಯೂಟರ್ ಏಳುವುದಕ್ಕೇ ಒಂಬತ್ತು ನಿಮಿಷ. ಮೊದಲು ಎರಡು ನಿಮಿಷ ಸಾಕಾಗುತ್ತಿತ್ತು. ಹಾರ್ಡ್ ಡಿಸ್ಕಿನ ದೀಪ ಆರುವುದೇ ಇಲ್ಲ, ಫ್ಯಾನ್ ಸದ್ದು ನಿಲ್ಲುವುದೇ ಇಲ್ಲ. ವರ್ಡ್ ಫೈಲ್ ಉಳಿಸಲು ಹೋದರೆ ಪರದೆ ಹೆಪ್ಪುಗಟ್ಟಿದ ಹಾಗೆ ನಿಂತುಬಿಡುತ್ತಿತ್ತು. ಯಾಕೆ ಹೀಗೆ ಅನ್ನುವುದು ನನಗೆ ತಿಳಿದದ್ದು ಆಮೇಲೆ. ರಿಯಲ್ ಟೈಮ್ ರಕ್ಷಣೆ ಅಂದರೆ ವಿಂಡೋಸ್‌ನ ಒಳಗೆ ಒಂದು ಫಿಲ್ಟರ್ ಡ್ರೈವರ್ ಕೂತಿರುತ್ತದೆ. ಯಾವ ಫೈಲ್ ತೆರೆದರೂ, ಬರೆದರೂ, ಅದು ನಡುವೆ ತಡೆದು ಪರೀಕ್ಷೆ ಮಾಡಿ ಆಮೇಲೆ ಬಿಡುತ್ತದೆ. ಅಂಥವು ಮೂರಿದ್ದರೆ ಒಂದು ಫೈಲಿಗೆ ಮೂರು ತಪಾಸಣೆ. ಸಾಲದ್ದಕ್ಕೆ ಪರೀಕ್ಷೆ ಮಾಡಲು ಒಂದು ಪ್ರೋಗ್ರಾಮ್ ಫೈಲ್ ತೆರೆದರೆ, ಯಾರೋ ಫೈಲ್ ತೆರೆದರು ಅಂತ ಇನ್ನೊಂದು ತಪಾಸಣೆಗೆ ಇಳಿಯಬಹುದು. ಒಂದು ಇನ್ನೊಂದಕ್ಕೆ ಕಾಯುತ್ತಾ ಎರಡೂ ಸಿಕ್ಕಿಹಾಕಿಕೊಳ್ಳಬಹುದು. ಒಂದರ ವೈರಸ್ ಗುರುತಿನ ಪಟ್ಟಿಯನ್ನೋ, ಅದು ಹಿಡಿದಿಟ್ಟ ಕಳ್ಳ ಫೈಲನ್ನೋ ಇನ್ನೊಂದು ನೋಡಿ, ಇದೇ ವೈರಸ್ ಅಂತ ಕೂಗುವುದೂ ಉಂಟು.

ನಾಲ್ಕನೇ ದಿನ ಬೆಳಗ್ಗೆ ಐದನೇ ನೋಟ್‌ಪುಸ್ತಕದ ಫೈಲ್ ಇರಲಿಲ್ಲ.

ಎರಡನೆಯ ಪ್ರೋಗ್ರಾಮ್ ಅದನ್ನು ಕ್ವಾರಂಟೈನ್‌ಗೆ, ಅಂದರೆ ಅನುಮಾನದ ಫೈಲುಗಳನ್ನು ಕೂಡಿಹಾಕುವ ಜಾಗಕ್ಕೆ, ಹಾಕಿತ್ತು. ಒಳಗಿದ್ದ ಮ್ಯಾಕ್ರೋ ಅದಕ್ಕೆ ಅನುಮಾನ ತರಿಸಿತ್ತು. ಮ್ಯಾಕ್ರೋ ಮೂಲಕ ಹರಡುವ ವೈರಸ್‌ಗಳು ನಿಜವಾಗಿಯೂ ಇವೆ, ಹಾಗಾಗಿ ಅದು ಅನುಮಾನಪಟ್ಟಿದ್ದು ತಪ್ಪು ಅನ್ನಲಾರೆ. ಕ್ವಾರಂಟೈನ್ ತೆರೆದು ‘ವಾಪಸ್ ಹಾಕು’ ಅಂತ ಒತ್ತಿದೆ. ಅದು ಫೈಲನ್ನು ವಾಪಸ್ ಬರೆಯಲು ಹೋದಾಗ ಮೊದಲನೆಯ ಪ್ರೋಗ್ರಾಮ್ ತಡೆಯಿತು. ಅದಕ್ಕೂ ಅದೇ ಅನುಮಾನ. ಮೂರು ಸಲ ಪ್ರಯತ್ನಿಸಿದೆ. ಕೊನೆಗೆ, ಹಿಡಿದಿಟ್ಟವರೇ ಹೋದರೆ ಫೈಲ್ ಬಿಡುಗಡೆ ಆಗುತ್ತದೆ ಅಂದುಕೊಂಡು ಎರಡನೆಯದನ್ನು ಅನ್‌ಇನ್‌ಸ್ಟಾಲ್ ಮಾಡಿದೆ. ನಡುವೆ ಏನೋ ಕೇಳಿತು, ‘ಯೆಸ್’ ಅಂದೆ. ಅದು ಕ್ವಾರಂಟೈನ್‌ನಲ್ಲಿ ಇರುವುದನ್ನೂ ಅಳಿಸಲೇ ಅಂತ ಕೇಳಿತ್ತು. ಫೈಲ್ ಅದರ ಜೊತೆಗೇ ಹೋಯಿತು.

ಆಗ ನೆನಪಾದದ್ದು ಸಿಸ್ಟಮ್ ರಿಸ್ಟೋರ್. ಹಿಂದಕ್ಕೆ ಹೋದರೆ ಫೈಲ್ ಸಿಗುತ್ತದೆ ಅಂತ ಬಹಳ ಧೈರ್ಯವಿತ್ತು. ತೆರೆದು ನೋಡಿದರೆ, ಮೂರು ಪ್ರೋಗ್ರಾಮ್ ಹಾಕಿದ ದಿನಕ್ಕೆ ಒಂದೇ ಒಂದು ರಿಸ್ಟೋರ್ ಪಾಯಿಂಟ್, ಅಂದರೆ ಹಿಂದಿರುಗಲು ಇಟ್ಟ ಗುರುತು, ಇತ್ತು. ಮೂರು ಇನ್‌ಸ್ಟಾಲ್‌ಗೆ ಮೂರು ಇರಬೇಕಲ್ವಾ ಅಂತ ನನ್ನ ಲೆಕ್ಕ. ಹಾಗಲ್ಲವಂತೆ. ವಿಂಡೋಸ್ 8ರಿಂದ ಈಚೆಗೆ, ಒಂದು ರಿಸ್ಟೋರ್ ಪಾಯಿಂಟ್ ಆಗಿ 24 ಗಂಟೆ ಕಳೆಯುವ ಮೊದಲು ಇನ್ನೊಂದು ಪ್ರೋಗ್ರಾಮ್ ಹೊಸದನ್ನು ಕೇಳಿದರೆ, ವಿಂಡೋಸ್ ಅದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ಹೊತ್ತಿಗೆ ಹೋಗುವ ದಾರಿಯೇ ನನಗಿರಲಿಲ್ಲ.

ಇದ್ದ ಒಂದನ್ನೇ ಆರಿಸಿದೆ. ಸುಮಾರು ಹೊತ್ತು ಓಡಿ, ಆಗಲಿಲ್ಲ ಅಂತ ಹೇಳಿತು. 0x80070005 ಅನ್ನುವ ಸಂಖ್ಯೆ ಬಂತು. ಒಂದು ಫೈಲನ್ನು ಮುಟ್ಟಲು ಆಗಲಿಲ್ಲ, ಆ್ಯಂಟಿವೈರಸ್ ಓಡುತ್ತಿರುವುದು ಕಾರಣವಿರಬಹುದು, ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ನೋಡಿ ಅಂತ ವಿಂಡೋಸ್ ಹೇಳುತ್ತಿತ್ತು. ಇದನ್ನು ನಿಮ್ಮ ಅಂಕಣದವರು ಖಂಡಿತ ಬರೆಯಬೇಕು. ಆ್ಯಂಟಿವೈರಸ್‌ಗಳು ತಮ್ಮ ಫೈಲುಗಳನ್ನು ಬೇರೆ ಯಾರೂ ಬದಲಾಯಿಸದ ಹಾಗೆ ಕಾಯ್ದುಕೊಳ್ಳುತ್ತವೆ. ರಿಸ್ಟೋರ್ ಮಾಡುವುದು ಆ ಫೈಲುಗಳನ್ನೇ ಹಳೆಯ ಸ್ಥಿತಿಗೆ ತರುವ ಕೆಲಸ. ಹಾಗಾಗಿ ಅಂಥ ರಕ್ಷಣೆ ಹೆಚ್ಚಿದಷ್ಟೂ ರಿಸ್ಟೋರ್ ಅರ್ಧಕ್ಕೆ ನಿಲ್ಲುವ ಸಾಧ್ಯತೆ ಜಾಸ್ತಿ. ಅಂಕಣದಲ್ಲಿ ಜೊತೆಜೊತೆಗೆ ಕೊಟ್ಟ ಎರಡು ಸಲಹೆ ಒಂದಕ್ಕೊಂದು ಅಡ್ಡ ಬರುತ್ತವೆ.

ಉಳಿದ ಎರಡರ ರಕ್ಷಣೆ ಆಫ್ ಮಾಡಿ ಮತ್ತೆ ಓಡಿಸಿದೆ. ಈ ಸಲ ಮುಗಿಯಿತು, ಸರಿಯಾಗಿ ಆಯಿತು ಅಂತಲೂ ಹೇಳಿತು. ಫೈಲ್ ಮಾತ್ರ ಬರಲಿಲ್ಲ.

ಬರುವುದೂ ಇಲ್ಲ. ಸಿಸ್ಟಮ್ ರಿಸ್ಟೋರ್ ಹಿಂದಕ್ಕೆ ಒಯ್ಯುವುದು ವಿಂಡೋಸ್‌ನ ಫೈಲು, ರಿಜಿಸ್ಟ್ರಿ (ವಿಂಡೋಸ್ ತನ್ನ ಮತ್ತು ಪ್ರೋಗ್ರಾಮ್‌ಗಳ ಸೆಟ್ಟಿಂಗ್ ಬರೆದಿಡುವ ದಾಖಲೆ), ಡ್ರೈವರ್, ಪ್ರೋಗ್ರಾಮ್‌ಗಳನ್ನು. ನಾವು ಬರೆದ ದಾಖಲೆ, ಫೋಟೋ, ಪತ್ರಗಳನ್ನು ಅದು ಬೇಕೆಂದೇ ಮುಟ್ಟುವುದಿಲ್ಲ. ಹಿಂದಿನ ವಾರಕ್ಕೆ ಹೋದಾಗ ಈ ವಾರ ಬರೆದದ್ದು ಅಳಿಸಿ ಹೋಗಬಾರದು ಅಂತ ಹಾಗೆ ಮಾಡಿದ್ದಾರೆ. ಒಳ್ಳೆಯ ಉದ್ದೇಶವೇ. ಆದರೆ ‘ಹಿಂದಕ್ಕೆ ಹೋಗಬಹುದು’ ಅಂತ ಒಂದೇ ಸಾಲು ಬರೆದರೆ ನನ್ನಂಥವರಿಗೆ ಬೇರೆಯೇ ಅರ್ಥ ಆಗುತ್ತದೆ.

ಪ್ರೋಗ್ರಾಮ್‌ಗಳ ಗತಿಯೂ ಕೆಟ್ಟಿತು. ನಾನು ತೆಗೆದುಹಾಕಿದ್ದ ಎರಡನೆಯದರ ಐಕಾನ್ ಮಾತ್ರ ಉಳಿದಿತ್ತು, ಒತ್ತಿದರೆ ತೆರೆಯುತ್ತಿರಲಿಲ್ಲ. ಮೊದಲನೆಯದು ತನ್ನ ವೈರಸ್ ಗುರುತಿನ ಪಟ್ಟಿ ಹಾಳಾಗಿದೆ ಅನ್ನುತ್ತಿತ್ತು. ತೆಗೆಯೋಣ ಅಂದರೆ ಪ್ರೋಗ್ರಾಮ್‌ಗಳ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಯಾಕೆಂದರೆ ರಿಜಿಸ್ಟ್ರಿ ಈಗ ಅದು ಬರುವುದಕ್ಕಿಂತ ಮುಂಚಿನದ್ದು. ಫೈಲುಗಳು ಅಷ್ಟಿಷ್ಟು ಉಳಿದಿದ್ದವು, ದಾಖಲೆ ಇಲ್ಲ. ಆ್ಯಂಟಿವೈರಸ್ ದಿನಕ್ಕೆ ಹಲವು ಸಲ ಅಪ್‌ಡೇಟ್ ಆಗುವ ವಸ್ತು. ಅದರ ಒಂದು ಭಾಗ ಹಳೆಯದು, ಇನ್ನೊಂದು ಭಾಗ ಹೊಸದು ಆದರೆ ಅದು ನಿಂತು ಹೋಗಬಹುದು. ಆಮೇಲೆ ಪೂರ್ತಿ ತೆಗೆದು ಮತ್ತೆ ಹಾಕುವುದೇ ದಾರಿ.

ಇಷ್ಟರ ಮೇಲೆ ನಾನು ಮಾಡಿದ ಇನ್ನೊಂದು ಕೆಲಸವನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಮೂರನೆಯ ಪ್ರೋಗ್ರಾಮ್ ಮತ್ತೆ ಮತ್ತೆ ಒಂದು ಎಚ್ಚರಿಕೆ ಕೊಡುತ್ತಿತ್ತು. ಹಳೆಯ ಟೂಲ್‌ಬಾರ್ ಇನ್ನೂ ಇದೆ, ಆದರೆ ರಿಸ್ಟೋರ್ ಪಾಯಿಂಟ್ ಒಳಗೆ, ತನ್ನಿಂದ ತೆಗೆಯಲು ಆಗುತ್ತಿಲ್ಲ ಅಂತ. ಇದಕ್ಕೆ ಏನು ಮಾಡಬೇಕು ಅಂತ ಹುಡುಕಿದೆ. ಹಲವು ವರ್ಷ ಹಳೆಯ ಸಲಹೆಯೊಂದು ಸಿಕ್ಕಿತು. ಸಿಸ್ಟಮ್ ರಿಸ್ಟೋರ್ ಆಫ್ ಮಾಡಿ, ಸ್ಕ್ಯಾನ್ ಮಾಡಿ, ಮತ್ತೆ ಆನ್ ಮಾಡಿ ಅಂತ. ಹಾಗೇ ಮಾಡಿದೆ. ಎಚ್ಚರಿಕೆ ನಿಂತಿತು. ಇದ್ದ ರಿಸ್ಟೋರ್ ಪಾಯಿಂಟ್‌ಗಳೆಲ್ಲ ಅಳಿಸಿ ಹೋದವು.

ಆ ವಾರದ ಕೊನೆಗೆ ಅಣ್ಣನ ಮಗಳು ಬಂದಳು. ಕಂಪ್ಯೂಟರ್ ಕೆಲಸವೇ ಅವಳ ವೃತ್ತಿ. ಎಲ್ಲ ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅತ್ತೆ, ಆ ಕೊನೆಯದೊಂದು ಮಾಡದೆ ಇದ್ದಿದ್ದರೆ ಫೈಲ್ ಸಿಗುತ್ತಿತ್ತೇನೋ” ಅಂದಳು. ವಿಂಡೋಸ್ ವಿಸ್ತಾದಿಂದ ಈಚೆಗೆ ರಿಸ್ಟೋರ್ ಪಾಯಿಂಟ್ ಅಂದರೆ ಡ್ರೈವಿನ ಒಂದು ನೆರಳು ಪ್ರತಿ, ಶ್ಯಾಡೋ ಕಾಪಿ. ರಿಸ್ಟೋರ್ ಬಟನ್ ನಮ್ಮ ದಾಖಲೆಗಳನ್ನು ವಾಪಸ್ ತರುವುದಿಲ್ಲ ನಿಜ. ಆದರೆ ಆ ನೆರಳಿನೊಳಗೆ ಅವು ಇರಬಹುದು. ವಿಂಡೋಸ್ 8ರಿಂದ ಈಚೆಗೆ ವಿಂಡೋಸ್ ಇರುವ ಡ್ರೈವಿನಲ್ಲಿ ಅದಕ್ಕೆ ಖಾತ್ರಿಯಿಲ್ಲ. ಇದ್ದರೆ ಬೇರೆ ದಾರಿಯಿಂದ ಒಳಗೆ ಹೋಗಿ ಒಂದೊಂದೇ ಫೈಲನ್ನು ಹೊರಗೆ ತೆಗೆಯಬಹುದು. ನನ್ನ ಫೈಲ್ ಅದೇ ಡ್ರೈವಿನಲ್ಲಿತ್ತು. ಕೊನೆಯ ನಾಲ್ಕು ದಿನದ ಪುಟ ಬಿಟ್ಟು ಉಳಿದದ್ದು ಅಲ್ಲಿ ಇದ್ದಿರಬಹುದಿತ್ತು. ಆ ಅವಕಾಶವನ್ನು ನಾನೇ ಅಳಿಸಿದ್ದೆ.

ಮೂರು ವಾರ ಹಳೆಯ ಪ್ರತಿಯೊಂದು ಪೆನ್ ಡ್ರೈವ್‌ನಲ್ಲಿ ಇತ್ತು. ಹಾಗಾಗಿ ಕಳೆದದ್ದು 61 ಪುಟ ಮಾತ್ರ.

ಈ ಸಲಹೆಗಳೆಲ್ಲ ಎಲ್ಲಿಂದ ಬಂದವು ಅಂತ ಆಮೇಲೆ ಕೂತು ಓದಿದೆ. ಯಾವುದೂ ಆಧಾರವಿಲ್ಲದ ಮಾತಲ್ಲ. ಎಲ್ಲವೂ ತಮ್ಮ ಕಾಲಕ್ಕೆ ಸರಿಯಾಗಿದ್ದವು. 2000ದ ಆಸುಪಾಸಿನಲ್ಲಿ ಸ್ಪೈವೇರ್ ಕಾಟ ಶುರುವಾದಾಗ ಆ್ಯಂಟಿವೈರಸ್‌ಗಳು ಅದನ್ನು ಅಷ್ಟಾಗಿ ಗಮನಿಸುತ್ತಿರಲಿಲ್ಲ. ಅದಕ್ಕೇ ಬೇರೆ ಪ್ರೋಗ್ರಾಮ್ ಬೇಕಿತ್ತು. ಆ್ಯಡ್-ಅವೇರ್, ಸ್ಪೈಬಾಟ್ ಅಂತ ಎರಡು ಬಹಳ ಜನಪ್ರಿಯವಾಗಿದ್ದವು. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತಿತ್ತು. ಎರಡನ್ನೂ ಇಟ್ಟುಕೊಳ್ಳಿ ಅಂತ ತಿಳಿದವರೇ ಹೇಳುತ್ತಿದ್ದರು. ಆದರೆ ಆಗ ಜನ ಬಳಸುತ್ತಿದ್ದದ್ದು ಹೆಚ್ಚಾಗಿ ಕರೆದಾಗ ಮಾತ್ರ ಬಂದು ಸ್ಕ್ಯಾನ್ ಮಾಡಿ ಹೋಗುವ ರೀತಿಯನ್ನು. ಇವತ್ತು ಒಂದನ್ನು ಓಡಿಸಿ ಮುಚ್ಚಿ, ನಾಳೆ ಇನ್ನೊಂದನ್ನು ಓಡಿಸಿದರೆ ಜಗಳವೇ ಇಲ್ಲ. ಸ್ಪೈಬಾಟ್‌ನಲ್ಲಿ ಟೀಟೈಮರ್ ಅಂತ ಸದಾ ಎಚ್ಚರವಿರುವ ಒಂದು ಭಾಗವೂ ಇತ್ತು, ರಿಜಿಸ್ಟ್ರಿಯ ಮುಖ್ಯ ಜಾಗಗಳಲ್ಲಿ ಏನಾದರೂ ಬದಲಾದರೆ ತಡೆದು ಕೇಳುತ್ತಿತ್ತು. ಬೇರೆ ಪ್ರೋಗ್ರಾಮ್‌ನಿಂದ ಸ್ವಚ್ಛ ಮಾಡುವ ಮೊದಲು ಅದನ್ನು ಆಫ್ ಮಾಡಿ ಅಂತ ಆಗಲೇ ಎಚ್ಚರಿಸುತ್ತಿದ್ದರು. ‘ಎರಡು ಇಟ್ಟುಕೊಳ್ಳಿ’ ಅನ್ನುವುದು ಉಳಿಯಿತು, ಈ ಎಚ್ಚರಿಕೆ ಮರೆತು ಹೋಯಿತು.

ವಿಂಡೋಸ್ ಕೂಡ ಹಾಗೇ ಉಳಿದಿಲ್ಲ. 2004ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಜೈಂಟ್ ಅನ್ನುವ ಕಂಪನಿಯನ್ನು ಕೊಂಡು, ಅದರ ಆ್ಯಂಟಿ-ಸ್ಪೈವೇರನ್ನೇ ಬೆಳೆಸಿ 2006ರಲ್ಲಿ ವಿಂಡೋಸ್ ಡಿಫೆಂಡರ್ ಅಂತ ಕೊಟ್ಟಿತು. 2012ರಲ್ಲಿ ವಿಂಡೋಸ್ 8 ಬಂದಾಗ ಅದೇ ಪೂರ್ತಿ ಆ್ಯಂಟಿವೈರಸ್ ಆಯಿತು. ಅಂದರೆ ಈಗ ನಾವು ಏನೂ ಹಾಕದಿದ್ದರೂ ಒಂದು ಕಾವಲು ಆಗಲೇ ಇದೆ. ಬೇರೆ ಆ್ಯಂಟಿವೈರಸ್ ಬಂದು ವಿಂಡೋಸ್‌ಗೆ ತನ್ನ ಹೆಸರು ಹೇಳಿಕೊಂಡರೆ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಬರೀ ಆ್ಯಂಟಿ-ಸ್ಪೈವೇರ್ ಅಂತ ಬರುವ ಹಲವು ಪ್ರೋಗ್ರಾಮ್‌ಗಳು ಹಾಗೆ ಹೇಳಿಕೊಳ್ಳುವುದಿಲ್ಲ. ಆಗ ಯಾರೂ ಸರಿಯುವುದಿಲ್ಲ, ಎಲ್ಲವೂ ಒಟ್ಟಿಗೆ ಓಡುತ್ತವೆ.

ರಿಸ್ಟೋರ್ ಆಫ್ ಮಾಡಿ ಅನ್ನುವ ಸಲಹೆ ಇನ್ನೂ ಹಳೆಯದು. ಸಿಸ್ಟಮ್ ರಿಸ್ಟೋರ್ ಮೊದಲು ಬಂದದ್ದು 2000ದಲ್ಲಿ, ವಿಂಡೋಸ್ ಎಂಇ ಜೊತೆ. ಮರುವರ್ಷ ಎಕ್ಸ್‌ಪಿಯಲ್ಲೂ ಬಂತು. ಎಕ್ಸ್‌ಪಿಯಲ್ಲಿ ಅದು ಬದಲಾದ ಫೈಲುಗಳ ಪ್ರತಿಯನ್ನು ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್’ ಅನ್ನುವ ಬೀಗ ಹಾಕಿದ ಫೋಲ್ಡರ್‌ನಲ್ಲಿ ಇಡುತ್ತಿತ್ತು. ಕೆಟ್ಟ ಫೈಲ್ ಇದ್ದರೆ ಅದೂ ಅಲ್ಲಿಗೆ ಸೇರುತ್ತಿತ್ತು. ಆ್ಯಂಟಿವೈರಸ್‌ಗೆ ಅದರೊಳಗಿನದನ್ನು ತೆಗೆಯಲು ಬಿಡುತ್ತಿರಲಿಲ್ಲ. ಅದಕ್ಕೇ ಪೂರ್ತಿ ಆಫ್ ಮಾಡಿ ಅನ್ನುತ್ತಿದ್ದರು. ಆದರೆ ಅಲ್ಲಿರುವ ಕೆಟ್ಟ ಫೈಲ್ ತಾನಾಗಿ ಎದ್ದು ಬರುವುದಿಲ್ಲ. ನಾವೇ ಆ ಪಾಯಿಂಟ್‌ಗೆ ಹಿಂದಿರುಗಿದರೆ ಮಾತ್ರ ವಾಪಸ್ ಬರುತ್ತದೆ. ಗಾಬರಿಪಟ್ಟು ಮೊದಲೇ ಎಲ್ಲ ಅಳಿಸಿದರೆ, ಸ್ವಚ್ಛ ಮಾಡುವಾಗ ಏನಾದರೂ ಮುರಿದರೆ ಹಿಂದಕ್ಕೆ ಹೋಗಲು ಏನೂ ಉಳಿದಿರುವುದಿಲ್ಲ. ಸೋಂಕಿನ ಪಾಯಿಂಟ್ ಆದರೂ ಕೈಯಲ್ಲಿ ಇರಲಿ. ಮೊದಲು ಸ್ವಚ್ಛ ಮಾಡಿ, ಕೆಲವು ದಿನ ಕಂಪ್ಯೂಟರ್ ಸರಿಯಾಗಿ ಓಡುವುದನ್ನು ನೋಡಿ, ಹೊಸ ಪಾಯಿಂಟ್ ಒಂದನ್ನು ಕೈಯಾರೆ ಮಾಡಿಕೊಂಡು, ಆಮೇಲೆ ಹಳೆಯವನ್ನು ತೆಗೆದರೆ ಸಾಕು. ಡಿಸ್ಕ್ ಕ್ಲೀನಪ್‌ನಲ್ಲಿ ಇತ್ತೀಚಿನ ಒಂದನ್ನು ಉಳಿಸಿ ಉಳಿದದ್ದನ್ನು ಮಾತ್ರ ಅಳಿಸುವ ಅನುಕೂಲವೂ ಇದೆ.

ಇನ್ನೊಂದು ಮಾತು ಬೇಗ ಹೇಳಿಬಿಡುತ್ತೇನೆ. ‘ಎರಡು ಮೂರು ಹಾಕಿ’ ಅಂದ ಕೂಡಲೇ ಜನ ಜಾಹೀರಾತಿನಲ್ಲಿ ಕಂಡದ್ದನ್ನು ಹಾಕಿಕೊಳ್ಳುತ್ತಾರೆ. ಆ್ಯಂಟಿ-ಸ್ಪೈವೇರ್ ವೇಷದಲ್ಲೇ ಮೋಸ ಮಾಡುವವರು ಇದ್ದಾರೆ. ವಿನ್‌ಫಿಕ್ಸರ್ ಅನ್ನುವ ಹೆಸರಿನಲ್ಲಿ ಸುಳ್ಳು ಸ್ಕ್ಯಾನ್ ತೋರಿಸಿ ಹಣ ಕೀಳುತ್ತಿದ್ದವರ ಮೇಲೆ 2008ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮೊಕದ್ದಮೆಯನ್ನೇ ಹೂಡಬೇಕಾಯಿತು.

ಈಗ ನನ್ನ ಕಂಪ್ಯೂಟರಿನಲ್ಲಿ ಸದಾ ಎಚ್ಚರವಿರುವುದು ಡಿಫೆಂಡರ್ ಒಂದೇ. ಎರಡನೇ ಅಭಿಪ್ರಾಯಕ್ಕೆ ಅಂತ ಇನ್ನೊಂದು ಪ್ರೋಗ್ರಾಮ್ ಇದೆ, ಅದರ ರಿಯಲ್ ಟೈಮ್ ಭಾಗ ಆಫ್ ಮಾಡಿದ್ದೇನೆ. ತಿಂಗಳಿಗೊಮ್ಮೆ ನಾನೇ ತೆರೆದು ಸ್ಕ್ಯಾನ್ ಮಾಡಿ ಮುಚ್ಚುತ್ತೇನೆ. ಅದು ಏನಾದರೂ ಹಿಡಿದರೆ ಆ ಕ್ಷಣವೇ ಅಳಿಸುವುದಿಲ್ಲ, ಫೈಲಿನ ಹೆಸರನ್ನೂ ಅದು ಇದ್ದ ಜಾಗವನ್ನೂ ಕಾಗದದಲ್ಲಿ ಬರೆದುಕೊಳ್ಳುತ್ತೇನೆ. ಅಮ್ಮನ ಫೈಲುಗಳಿಂದ ಮ್ಯಾಕ್ರೋ ತೆಗೆಸಿದ್ದೇನೆ, ತಾರೀಕನ್ನು ಕೈಯಲ್ಲೇ ಟೈಪ್ ಮಾಡುತ್ತೇನೆ. ರಿಸ್ಟೋರ್ ಪಾಯಿಂಟ್ ಮಾಡಲು ಬೇಕಾದ ಸಿಸ್ಟಮ್ ಪ್ರೊಟೆಕ್ಷನ್ ಆನ್ ಇದೆಯೇ ಅಂತ ಆಗಾಗ ನೋಡುತ್ತೇನೆ, ಯಾಕೆಂದರೆ ವಿಂಡೋಸ್ 10 ಇರುವ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಮೊದಲಿಂದಲೇ ಆಫ್ ಆಗಿರುತ್ತದೆ. ಬೇಕಾದ ದಿನ ಬಂದಾಗ ತೆರೆದರೆ ಒಂದು ಪಾಯಿಂಟೂ ಇರುವುದಿಲ್ಲ. ಹೊಸದೇನಾದರೂ ಹಾಕುವ ಮೊದಲು ಪಾಯಿಂಟನ್ನು ನಾನೇ ಮಾಡಿ ಅದಕ್ಕೆ ಹೆಸರು ಕೊಡುತ್ತೇನೆ. ಒಂದು ದಿನಕ್ಕೆ ಒಂದೇ ಹೊಸ ಪ್ರೋಗ್ರಾಮ್.

ಅಮ್ಮನ ಪುಟಗಳ ಕಾವಲನ್ನು ಮಾತ್ರ ಇವು ಯಾವುದಕ್ಕೂ ಬಿಟ್ಟಿಲ್ಲ. ಹೊರಗಿನ ಹಾರ್ಡ್ ಡಿಸ್ಕ್ ಒಂದಕ್ಕೆ ದಿನಾ ಸಂಜೆ ಪ್ರತಿ ಹಾಕಿ, ಕೇಬಲ್ ಕಿತ್ತು, ಬೀರುವಿನಲ್ಲಿ ಇಡುತ್ತೇನೆ. ಕೇಬಲ್ ಕೀಳುವುದು ಮುಖ್ಯ. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ ಅನ್ನುವ ಹಣ ಕೀಳುವ ವೈರಸ್, ಫೈಲುಗಳಿಗೆ ಬೀಗ ಹಾಕುವುದರ ಜೊತೆಗೆ ಆ ನೆರಳು ಪ್ರತಿಗಳನ್ನೂ ಅಳಿಸುತ್ತಿತ್ತು. ಅಂಥದ್ದು ಬಂದರೆ ರಿಸ್ಟೋರ್ ಪಾಯಿಂಟ್‌ಗಳೂ ಹೋಗುತ್ತವೆ, ಸಿಕ್ಕಿಸಿ ಬಿಟ್ಟ ಡಿಸ್ಕೂ ಹೋಗುತ್ತದೆ.

ಸಂಪಾದಕರೇ, ನನ್ನದೊಂದು ಬೇಡಿಕೆ ಇದೆ. ಕಂಪ್ಯೂಟರ್ ಸಲಹೆ ಅಚ್ಚು ಹಾಕುವಾಗ ಅದು ಯಾವ ವಿಂಡೋಸ್‌ಗೆ ಅನ್ನುವುದನ್ನು ಪಕ್ಕದಲ್ಲೇ ಬರೆಯಿರಿ. ಎಕ್ಸ್‌ಪಿ ಕಾಲದ ಮಾತು ಇವತ್ತಿನ ಕಂಪ್ಯೂಟರಿಗೆ ಹಾನಿ ಮಾಡಬಹುದು. ಅಚ್ಚಾದ ಮಾತನ್ನು ನಂಬುವವರು ನಾವು, ಪತ್ರಿಕೆಯಲ್ಲಿ ಬಂದಿದೆ ಅಂದರೆ ಮತ್ತೆ ಯಾರನ್ನೂ ಕೇಳುವುದಿಲ್ಲ. ಆ ಅಂಕಣಕ್ಕೆ ಒಂದು ತಿದ್ದುಪಡಿಯನ್ನು ಈ ವಾರವೇ, ಅದೇ ಜಾಗದಲ್ಲಿ ಹಾಕಿ.

ಐದನೇ ನೋಟ್‌ಪುಸ್ತಕವನ್ನು ಮತ್ತೆ ಟೈಪ್ ಮಾಡುತ್ತಿದ್ದೇನೆ. ನಿನ್ನೆಗೆ 38 ಪುಟ ಆಯಿತು. ನಡುವಿನ ಎರಡು ಪುಟಕ್ಕೆ ಹಿಂದೆ ಯಾವಾಗಲೋ ನೀರು ಬಿದ್ದಿದೆ. ಮೊದಲ ಸಲ ಭೂತಗನ್ನಡಿ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ, ಒಂದು ಇಡೀ ಬೆಳಗ್ಗೆ ಕೂತು ಓದಿದ್ದೆ. ಈ ಸಲ ಏಳು ಸಾಲು ಓದಲು ಆಗಲಿಲ್ಲ. ಅಲ್ಲಿ ಚುಕ್ಕೆ ಇಟ್ಟು ಮುಂದೆ ಹೋಗಿದ್ದೇನೆ. ಪ್ರಶ್ನೆ ಕೇಳಿದ ಆ ಓದುಗರು ಇನ್ನೂ ಏನನ್ನೂ ಇನ್‌ಸ್ಟಾಲ್ ಮಾಡದೆ ಇರಲಿ, ಅವರಿಗೆ ಈ ಪತ್ರ ಸಮಯಕ್ಕೆ ತಲುಪಲಿ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ,
ಒಬ್ಬ ನಿವೃತ್ತ ಶಿಕ್ಷಕಿ